ಪಡಸಾಲೆಯ ಸಮುದ್ರದಲ್ಲಿ ಹುಳ

ಮೊನ್ನೆ ಅಟ್ಟದ ಮೇಲಿನ ಡಬ್ಬಿಗಳನ್ನು ಇಳಿಸಿ ಒರೆಸುತ್ತಿದ್ದಾಗ ಒಂದು ಪ್ಲಾಸ್ಟಿಕ್ ನಳಿಕೆ ಸಿಕ್ಕಿತು. ಹೆಬ್ಬೆರಳು ದಪ್ಪದ್ದು. ಒಂದು ಕಾಲಕ್ಕೆ ಗಾಜಿನ ಹಾಗಿದ್ದದ್ದು ಈಗ ಹಳದಿಯಾಗಿ, ಬಿರುಸಾಗಿ, ಹಾವು ಸುತ್ತಿಕೊಂಡ ಹಾಗೆ ಹಪ್ಪಳದ ಡಬ್ಬಿಯ ಹಿಂದೆ ಕೂತಿತ್ತು. ಅದನ್ನು ಕಂಡದ್ದೇ ತಡ, ನನ್ನ ಬಾಯಿಯೆಲ್ಲ ಉಪ್ಪುಪ್ಪಾಯಿತು. ಉಪ್ಪಿನ ಹಿಂದೆಯೇ ಸಿಟ್ಟೂ ಬಂತು. ಹಳೆಯ ವಸ್ತು ಕಂಡರೆ ಕೆಲವರಿಗೆ ಕಣ್ಣಲ್ಲಿ ನೀರು ಬರುತ್ತದಂತೆ. ನನಗೆ ಹಾಗಲ್ಲ. ದೇವರು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿರುತ್ತಾನೆ, ನನಗೆ ಸಿಟ್ಟು ಕೊಟ್ಟಿದ್ದಾನೆ. ಸಿಟ್ಟಿನ ಜೊತೆಗೆ ಬಿಪಿ ಕೊಟ್ಟಿಲ್ಲವಲ್ಲ, ಅಷ್ಟು ಅವನ ದಯೆ.

ಈ ನಳಿಕೆಯಿಂದ ನಾನು ಸಮುದ್ರದೊಳಗಿನ ಹುಳ ಎಳೆಯುತ್ತಿದ್ದೆ. ಕಲಬುರಗಿಯಲ್ಲಿ ಸಮುದ್ರ ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ. ನಮ್ಮವರು ತಂದರು.

ನಮ್ಮವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾರವಾರಕ್ಕೋ ರತ್ನಾಗಿರಿಗೋ ಹೋಗಿ, ದಂಡೆಯಲ್ಲಿ ಸಿಕ್ಕಿದ್ದನ್ನೆಲ್ಲ ಬಾಟಲಿಗಳಲ್ಲಿ ತುಂಬಿಕೊಂಡು ಬರುತ್ತಿದ್ದರು. ಅವರು ಬಂದ ದಿನ ಅವರ ಬಟ್ಟೆ ಒಗೆಯುವುದು ಒಂದು ಪ್ರಾಯಶ್ಚಿತ್ತ. ಹೀಗಿರಲಾಗಿ, ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ ಮುಂಬಯಿಗೆ ಹೋದಾಗ ಯಾರದೋ ಶ್ರೀಮಂತರ ಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ನೋಡಿಬಂದರು. ಅದರೊಳಗೆ ಜೀವಂತ ಹವಳ, ಬಣ್ಣದ ಮೀನು, ಸೀಗಡಿ, ಶಂಖದ ಹುಳ. ಅಂದಿನಿಂದ ನಮ್ಮವರಿಗೆ ಅನ್ನ ರುಚಿಸಲಿಲ್ಲ. ಕಡೆಗೆ ಹೈದರಾಬಾದಿನ ಒಂದು ಅಂಗಡಿ ಹುಡುಕಿ, ನಮ್ಮ ಪಡಸಾಲೆಯ ಕಿಟಕಿಯ ಪಕ್ಕದಲ್ಲಿ, ಹಬ್ಬಕ್ಕೆ ಬಂದವರನ್ನು ಕೂರಿಸುವ ದಿವಾನವನ್ನು ತೆಗೆಸಿ, ಅಲ್ಲಿ ಸಮುದ್ರ ಸ್ಥಾಪನೆ ಮಾಡಿದರು.

ನಳದ ನೀರು ಬಂದ ದಿನ ಹಬ್ಬ, ಬಾರದ ದಿನ ಉಪವಾಸ ಎನ್ನುವ ಊರು ನಮ್ಮದು. ಅಂಥದರಲ್ಲಿ ಮೀನಿಗೆ ಬೋರಿನ ನೀರು ನಡೆಯುವುದಿಲ್ಲವಂತೆ. ಅದಕ್ಕೆಂದೇ ಶುದ್ಧಿಯಂತ್ರ ಬಂತು. ಒಂದು ಕೊಡ ಒಳ್ಳೆಯ ನೀರು ಕೊಡಲು ಆ ಯಂತ್ರ ಮೂರು ಕೊಡ ಚೆಲ್ಲುತ್ತಿತ್ತು. ಆ ಶುದ್ಧ ನೀರಿಗೆ ಮುಂಬಯಿಯಿಂದ ಪಾರ್ಸೆಲ್ ತರಿಸಿದ ಉಪ್ಪು ಬೆರೆಸಬೇಕು. ಶುದ್ಧ ಮಾಡಿದ ನೀರನ್ನು ಮತ್ತೆ ಉಪ್ಪು ಮಾಡುವುದಾದರೆ ಶುದ್ಧ ಯಾಕೆ ಮಾಡಬೇಕು ಎಂದು ನಾನು ಕೇಳಿದೆ. ಅವರು ನಕ್ಕರು. ಓದಿದವರ ನಗೆ, ನಿಮಗೂ ಗೊತ್ತಿರುತ್ತದೆ.

ಬೇಸಿಗೆಯಲ್ಲಿ ನಮ್ಮೂರಿನ ಬಿಸಿಲಿಗೆ ಕಲ್ಲು ಬಿರಿಯುತ್ತದೆ. ಸಮುದ್ರ ಮಾತ್ರ ತಂಪಾಗಿರಬೇಕು. ಮನೆಯ ಒಳ್ಳೆಯ ಫ್ಯಾನು ತೊಟ್ಟಿಗೆ ಹೋಯಿತು, ಕಟಕಟ ಎನ್ನುವುದು ನಮಗೆ ಉಳಿಯಿತು. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಂಜುಗಡ್ಡೆಯ ಬಾಟಲಿಗಳು ಮೀನಿಗಾಗಿ ಸಾಲಾಗಿ ನಿಂತವು. ಕರೆಂಟು ಹೋದರೆ ಗಾಳಿಯ ಪಂಪು ನಿಲ್ಲುತ್ತಿತ್ತು, ಆಗ ನಾನು ಜಗ್ಗಿನಿಂದ ನೀರು ಎತ್ತಿ ಎತ್ತಿ ಸುರಿಯಬೇಕು. ಆ ಜಗ್ಗೂ ಪ್ಲಾಸ್ಟಿಕ್ಕಿನದೇ ಆಗಬೇಕು. ಮೊದಲ ದಿನವೇ ನಮ್ಮವರು ನನಗೆ ತಾಕೀತು ಮಾಡಿದ್ದರು. "ನೋಡು ಸುಮತಿ, ನಿನ್ನ ಪೂಜಾದ್ದು ತಾಮ್ರದ ತಂಬಿಗಿ, ಗಿಂಡಿ ಯಾವುದೂ ಇದರ ಹತ್ರ ತರಬ್ಯಾಡ. ತಾಮ್ರ ಇಳದ್ರ ಹವಳ, ಸೀಗಡಿ ಎಲ್ಲಾ ಸಾಯ್ತಾವ."

"ದೇವರಿಗೆ ನಡಿಯೋ ತಾಮ್ರ ಸೀಗಡಿಗೆ ನಡಿಯಂಗಿಲ್ಲೇನ್ರೀ?" ಎಂದೆ. ಸೀಗಡಿಗೆ ನನಗಿಂತ ಮಡಿ ಹೆಚ್ಚು ಎಂದು ಆಗ ತಿಳಿಯಿತು.

ಪಕ್ಕದ ಮನೆಯ ಖೈರುನ್ ಆಪಾ ನಮ್ಮೂರಿನದೇ ರೋಜಾ ಬಡಾವಣೆಯ ಕಡೆಯವರು, ಮನೆ ಕಟ್ಟಿಕೊಂಡು ನಮ್ಮ ಓಣಿಗೆ ಬಂದವರು, ನನ್ನನ್ನು ಮರ್ಯಾದೆಯಿಂದ ಬಾಯಿ ಎಂದು ಕರೆಯುವವರು. ಮೊದಲ ಸಲ ತೊಟ್ಟಿ ನೋಡಿ ಗಲ್ಲಕ್ಕೆ ಕೈ ಹಚ್ಚಿ ನಿಂತರು. "ಏನ್ ಬಾಯಿ, ಮಂದಿ ಪೀನೇಕಾ ಪಾನಿಗೆ ಟ್ಯಾಂಕರ್ ಹಿಂದ ಓಡಾಕತ್ತಾರ, ನಿಮ್ಮ ಸಾಬರು ಸಮುಂದರ್ ಸಾಕ್ಯಾರಲ್ಲ," ಎಂದರು. ನಮ್ಮವರು ಅದನ್ನು ಹೊಗಳಿಕೆ ಎಂದು ತಿಳಿದು ಬಂದವರಿಗೆಲ್ಲ "ನಮ್ಮ ಮನಿ ಸಮುದ್ರ ನೋಡಿದ್ರೇನು?" ಎಂದು ಕೇಳತೊಡಗಿದರು.

ಹಾಗಾದರೆ ನಾನು ಅದನ್ನು ಮೊದಲ ತಿಂಗಳೇ ಬಚ್ಚಲಿಗೆ ಯಾಕೆ ಬಗ್ಗಿಸಲಿಲ್ಲ ಎಂದರೆ, ಮಾವನವರ ಕಾರಣಕ್ಕೆ.

ಮಾವನವರು ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಹೊರಗೆ ಕನ್ನಡ, ಕಾಗದದಲ್ಲಿ ಉರ್ದು, ಮನಸ್ಸಿಗೆ ಬಂದದ್ದನ್ನು ಆಡಲು ಮರಾಠಿ. ಅತ್ತೆ ತೀರಿಕೊಂಡ ಮೇಲೆ ಅವರ ಮೂರು ಭಾಷೆಗಳೂ ಒಟ್ಟಿಗೇ ನಿಂತುಹೋದವು. ಸಂಧ್ಯಾವಂದನೆ ಮುಗಿಸಿ ಬೆತ್ತದ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತರೆ ಕೂತರು. ತಾಟು ಮುಂದಿಟ್ಟರೆ ಎರಡು ತುತ್ತು, ಮೇಲೆ ನೀರು. ನಮ್ಮ ತವರು ಕಮಲಾಪುರ, ಕೆಂಬಾಳೆಯ ಊರು. ನನ್ನ ಅಣ್ಣ ಕೆಂಪು ಬಾಳೆಹಣ್ಣಿನ ಗೊನೆಯನ್ನೇ ತಂದಿಟ್ಟರೂ ಕೈ ಚಾಚಲಿಲ್ಲ. ಡಾಕ್ಟರು ಟಾನಿಕ್ಕು ಬರೆದುಕೊಟ್ಟರು. ಟಾನಿಕ್ಕಿಗೆ ಮಾತು ಬರುತ್ತದೆಯೇ?

ತೊಟ್ಟಿಗೆ ಮೊದಲ ಜೋಡಿ ಮೀನು ಬಂದವು. ಕಿತ್ತಳೆ ಮೈ, ಅದರ ಮೇಲೆ ಬಿಳಿ ಪಟ್ಟೆ. ಅಂದು ಮಾವನವರು ಗೋಡೆಯ ಕಡೆಯಿಂದ ಕತ್ತು ತಿರುಗಿಸಿ ನೋಡಿದರು. ಮರುದಿನ ಕುರ್ಚಿಯನ್ನೇ ತಿರುಗಿಸಿದರು. "ಸುಮತಿ, ಇವು ನಮ್ಮ ಮಂದೀನ. ಗೋಪೀಚಂದನದ ಮುದ್ರಿ ಹಚ್ಕೊಂಡಾವ ನೋಡು," ಎಂದರು. ಎಷ್ಟೋ ಕಾಲದ ಮೇಲೆ ಅವರ ಬಾಯಿಂದ ಬಂದ ಮೊದಲ ಉದ್ದನೆಯ ಮಾತು ಅದು. ನಾನು ಅಡುಗೆಮನೆಯಲ್ಲಿ ಕೈಮುಗಿದು ನಿಂತೆ. ಆಮೇಲೆ ಅವರ ಊಟ ಅಲ್ಲೇ, ತೊಟ್ಟಿಯ ಮುಂದೆ. "ಕಾಯ್ ರೇ, ಜೇವಲಾಸ ಕಾ?" ಎಂದು ಮೀನನ್ನು ಮರಾಠಿಯಲ್ಲಿ ಊಟ ಆಯಿತೇ ಎಂದು ವಿಚಾರಿಸುವುದು, ತಾವೂ ಒಂದು ಜೋಳದ ಭಕ್ರಿ ಮುಗಿಸುವುದು. ಮೀನು ಬದುಕಿದ್ದರೆ ಮಾವನವರು ಉಣ್ಣುತ್ತಾರೆ, ಲೆಕ್ಕ ಇಷ್ಟೇ. ನಾನು ಶಪಿಸುತ್ತಲೇ ಆ ತೊಟ್ಟಿಯ ಸೇವೆ ಮಾಡಿದೆ. ಸಿಟ್ಟಿಗೂ ಸೇವೆಗೂ ಅಡ್ಡಿಯಿಲ್ಲ. ಮಡಿ ಹೆಂಗಸರನ್ನು ನೋಡಿ, ಬೈಯುತ್ತಲೇ ನೈವೇದ್ಯ ಮಾಡುತ್ತಾರೆ.

ಇಂಥ ಸಮುದ್ರಕ್ಕೆ ಒಂದು ಆಷಾಢದಲ್ಲಿ ಹುಳ ಬಿದ್ದವು.

ಹೈದರಾಬಾದಿನಿಂದ ಹೊಸದೊಂದು ಹವಳದ ಕಲ್ಲು ಬಂದಿತ್ತು. ಅದರ ಬೆನ್ನಿಗೇ ಬಂದಿರಬೇಕು. ಒಂದು ಬೆಳಿಗ್ಗೆ ನಮ್ಮವರು ಭೂತಗನ್ನಡಿ ಹಿಡಿದು ತೊಟ್ಟಿಗೆ ಮೂಗು ಹಚ್ಚಿ ನಿಂತಿದ್ದರು. "ಸುಮತಿ, ಬಾ ಇಲ್ಲೆ. ಏನ್ ಬಂದದ ನೋಡು."

ಗಾಜಿನ ಮೇಲೆ, ಕಲ್ಲಿನ ಮೇಲೆ, ತುಕ್ಕಿನ ಬಣ್ಣದ ಸಣ್ಣ ಚುಕ್ಕೆಗಳು. ಎಳ್ಳನ್ನು ಹೊಸಕಿ ಅಂಟಿಸಿದ ಹಾಗೆ. "ತುಕ್ಕ ಹಿಡದದೇನ್ರೀ?" ಎಂದೆ.

"ತುಕ್ಕಲ್ಲ, ಚಪ್ಪಟೆ ಹುಳ. ಇಷ್ಟು ವರ್ಷ ಬೋರ್ಡಿನ ಮ್ಯಾಲೆ ಚಿತ್ರ ತಗದ ತಗದ ಕೈ ಸೋತಿತ್ತು. ಈಗ ಖುದ್ದ ಮನಿಗೇ ಬಂದಾವ."

"ಬಂದಾವಂತ ಆರತಿ ಎತ್ತಲೇನು?"

ಅವರಿಗೆ ನನ್ನ ಮಾತು ಕೇಳಿಸಲಿಲ್ಲ. ಒಂದು ಹುಳವನ್ನು ಬಟ್ಟಲಿಗೆ ತೆಗೆದು, ಬ್ಲೇಡಿನಿಂದ ಎರಡು ತುಂಡು ಮಾಡಿ, ಎರಡೂ ತುಂಡು ಬೇರೆಬೇರೆ ಹುಳವಾಗುವುದನ್ನು ನನಗೂ ಆಪಾನ ಮಕ್ಕಳಿಗೂ ತೋರಿಸಿದರು. ಮನೆಯಲ್ಲಿ ತಿಗಣೆ ಬಿದ್ದರೆ ಜನ ಮಂಚ ಬಿಸಿಲಿಗೆ ಹಾಕುತ್ತಾರೆ. ನಮ್ಮವರು ಹುಳ ಬಿದ್ದರೆ ಒಂದನ್ನು ಎರಡು ಮಾಡಿದರು. ಅದೂ ಸಾಲದೆ ಆ ಎರಡನ್ನೂ ತಿರುಗಿ ತೊಟ್ಟಿಗೇ ಬಿಟ್ಟರು. ಅಂದು ನಾನು ಸಾರಿಗೆ ಉಪ್ಪು ಹಾಕಲಿಲ್ಲ. ಬೇಕೆಂದೇ ಹಾಕಲಿಲ್ಲ.

ಚಾತುರ್ಮಾಸ್ಯದ ಮೊದಲ ತಿಂಗಳು ನಮ್ಮಲ್ಲಿ ಶಾಕವ್ರತ, ಕಾಯಿಪಲ್ಲೆ ಮುಟ್ಟುವುದಿಲ್ಲ. ಮಳೆಗಾಲದ ಸೊಪ್ಪಿನಲ್ಲಿ ಹುಳ ಇರುತ್ತವೆ, ತಿಳಿಯದೆ ಹಿಂಸೆ ಆದೀತು ಎಂದು ಹಿರಿಯರು ಹೇಳುತ್ತಿದ್ದರು. ಹುಳದ ಭಯಕ್ಕೆ ಬದನೆಕಾಯಿ ಬಿಟ್ಟ ಮನೆಯಲ್ಲಿ, ಪಡಸಾಲೆಯೊಳಗೆ ಹುಳದ ಕೃಷಿ ನಡೆದಿತ್ತು. ಪಂಚಮಿಯ ಹೊತ್ತಿಗೆ ಹವಳದ ಮೇಲೆ ಹವಳವೇ ಕಾಣದಷ್ಟು ಹುಳ. ಒಂದರ ಮೇಲೊಂದು, ಕೊಳೆತ ಎಲೆ ಹಾಸಿದ ಹಾಗೆ. ಬೆಳಕು ಕಾಣದೆ ಹವಳ ಮುದುಡಿತು. ಆಗ ನಮ್ಮವರಿಗೆ ಎಚ್ಚರವಾಗಿ ಹೈದರಾಬಾದಿಗೆ ಫೋನು ಹಚ್ಚಿದರು. ಆ ಅಂಗಡಿಯವನ ಗಂಟಲು ಎಷ್ಟು ದೊಡ್ಡದೆಂದರೆ ಅಡುಗೆಮನೆಯಲ್ಲಿದ್ದ ನನಗೂ ಕೇಳಿಸುತ್ತಿತ್ತು. "ಪೆಹಲೇ ನಿಕಾಲೋ ಸಾಬ್, ಪೆಹಲೇ ನಿಕಾಲೋ" ಎಂದು ಒಂದೇ ಸಮನೆ ಹೇಳಿದ. ಮೊದಲು ಆದಷ್ಟು ಹುಳ ಹೊರಗೆ ತೆಗೆಯಿರಿ. ಔಷಧ ಇದೆ, ಆದರೆ ಎಲ್ಲ ಒಮ್ಮೆಲೇ ಸತ್ತರೆ ಅವುಗಳ ಮೈಯ ವಿಷ ನೀರಿಗಿಳಿದು ಮೀನನ್ನೂ ಕೊಲ್ಲುತ್ತದೆ.

ಫೋನಿಟ್ಟು ನಮ್ಮವರು ಹೇಳಿದ್ದು, "ಔಷಧ ಅದ ಅಂತ. ತರಸ್ತೀನಿ."

"ಮೊದಲ ತಗೀರಿ ಅಂದ್ನಲ್ರೀ ಅವ."

"ಹಂಗಂತಾರ. ಅಂಗಡಿಯವರು ಹೆದರಸ್ತಾರ."

ಅರ್ಧ ಕೇಳುವ ಗಂಡಸರು ಈ ದೇಶದಲ್ಲಿ ಎಷ್ಟಿದ್ದಾರೋ, ಅವರ ಹೆಂಡಿರಿಗೆಲ್ಲ ದೇವರು ಎರಡೆರಡು ಕಿವಿ ಹೆಚ್ಚಿಗೆ ಕೊಡಬೇಕಿತ್ತು.

ಅಂಗಡಿಯವನ ಮಾತು ನನಗೆ ಯಾಕೆ ನಾಟಿತೆಂದರೆ, ನಾನು ಕಮಲಾಪುರದವಳು. ನಾನು ಲಂಗ ಉಟ್ಟುಕೊಂಡು ಓಡಾಡುವ ಕಾಲಕ್ಕೆ, ಎಂಬತ್ತರ ದಶಕದಲ್ಲಿ, ನಮ್ಮ ಕಡೆ ನಾರುಹುಣ್ಣಿನ ಕಾಟ. ಮೆಟ್ಟಿಲಿಳಿದು ಕೊಡ ತುಂಬುವ ಬಾವಿಗಳ ನೀರಿನಿಂದ ಬರುತ್ತಿತ್ತು. ನೀರಿನ ಜೊತೆ ಕಣ್ಣಿಗೆ ಕಾಣದ ಮರಿ ಹೊಟ್ಟೆಗೆ ಹೋಗಿ, ವರ್ಷದ ಮೇಲೆ ಕಾಲಿನಲ್ಲಿ ಬೊಕ್ಕೆ ಎದ್ದು, ಅದರಿಂದ ಬಿಳಿ ದಾರದಂಥ ಹುಳ ಹೊರಗೆ ಇಣುಕುತ್ತಿತ್ತು. ಸರಕಾರದವರು ಬಂದು ಬಾವಿಗೆ ಔಷಧ ಹಾಕಿ, ನೀರು ಸೋಸಿ ಕುಡಿಯಿರಿ ಎಂದು ಗೋಡೆಗೆಲ್ಲ ಬರೆದು ಹೋಗುತ್ತಿದ್ದರು. ನಮ್ಮ ಅಜ್ಜಿಗೆ ಯಾರೂ ಹೇಳಬೇಕಿರಲಿಲ್ಲ. ಅಜ್ಜನ ಹಳೆಯ ಧೋತರವನ್ನು ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿಯೇ ನೀರು ಹಾಕುತ್ತಿದ್ದಳು. ಹೊರಗೆ ಆಡುವಾಗ ಎಲ್ಲೋ ನೀರು ಕುಡಿದು ಬಂದದ್ದು ಗೊತ್ತಾದರೆ ಬೆನ್ನಿಗೆ ಬೀಳುತ್ತಿತ್ತು. ಈಗಲೂ ಬೇರೆಯವರ ಮನೆಯಲ್ಲಿ ನೀರು ಕೊಟ್ಟರೆ ನಾನು ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಜನ ಇದನ್ನು ಜಂಬ ಎಂದು ತಿಳಿದುಕೊಂಡಿದ್ದಾರೆ. ತಿಳಿದುಕೊಳ್ಳಲಿ.

ನಮ್ಮ ಕಾಕಾಗೆ ಹೊಲಕ್ಕೆ ಹೋದಾಗ ಕುಡಿದ ನೀರಿನಿಂದ ನಾರು ಆಯಿತು. ಅದನ್ನು ಸರಕ್ಕನೆ ಎಳೆಯುವ ಹಾಗಿಲ್ಲ. ಹೊರಗೆ ಬಂದ ತುದಿಯನ್ನು ಒಂದು ಕಡ್ಡಿಗೆ ಸುತ್ತಿ, ದಿನಾ ಒಂದಿಷ್ಟು ಬಂದಷ್ಟೇ ಸುತ್ತಬೇಕು. ಅಜ್ಜಿ ಬೇವಿನ ಎಲೆ ಅರೆದು ಹಚ್ಚಿ, ದೇವರ ನಾಮ ಹೇಳಿಕೊಳ್ಳುತ್ತ, ಕುಪ್ಪಸದ ದಾರ ಸುತ್ತಿದ ಹಾಗೆ ಮೆಲ್ಲಗೆ ಸುತ್ತುತ್ತಿದ್ದಳು. ಕಾಕಾಗೆ ಯಾರದೋ ಮದುವೆಗೆ ಹೋಗುವ ತವಕ. ಒಂದು ದಿನ ತಾನೇ ಜಗ್ಗಿದ. ಹುಳ ಒಳಗೇ ಹರಿದು ತುಂಡಾಯಿತು, ಅದರ ವಿಷಕ್ಕೆ ಕಾಲು ಕುಂಬಳಕಾಯಿಯಾಯಿತು. ಮದುವೆಯೂ ಇಲ್ಲ, ಬಿತ್ತನೆಯೂ ಇಲ್ಲ, ಮಳೆಗಾಲವಿಡೀ ಹಾಸಿಗೆ. "ಮೈಯಾಗ ಹೊಕ್ಕ ಹುಳ ನಿನ್ನ ಅವಸರಕ್ಕ ಬರ್ತದೇನೋ?" ಎಂದು ಅಜ್ಜಿ ಅವನಿಗೆ ಗಂಜಿ ಕುಡಿಸುತ್ತಲೇ ಬೈಯುತ್ತಿದ್ದಳು. ನನ್ನ ಸಿಟ್ಟು ಯಾರ ಕಡೆಯಿಂದ ಬಂತೆಂದು ಈಗ ನಿಮಗೆ ತಿಳಿದಿರಬೇಕು.

ಹಾಗಾಗಿ ಔಷಧ ಬರುವ ತನಕ ದಿನಾ ಒಂದಿಷ್ಟು ಹುಳ ತೆಗೆಯುವ ಕೆಲಸ ನಾನೇ ಹಿಡಿದೆ. ನಳಿಕೆಯ ಒಂದು ತುದಿ ತೊಟ್ಟಿಯಲ್ಲಿ, ಇನ್ನೊಂದು ನನ್ನ ಬಾಯಲ್ಲಿ. ಒಮ್ಮೆ ಉಸಿರು ಎಳೆದರೆ ನೀರು ಹತ್ತಿ ಇಳಿಯುತ್ತದೆ, ಬಾಯಿಗೆ ಬರುವ ಮೊದಲೇ ತುದಿಯನ್ನು ಬಕೆಟ್ಟಿಗೆ ಬಿಡಬೇಕು. ಈ "ಮೊದಲೇ" ಎನ್ನುವುದು ನನಗೆ ಮೊದಲ ವಾರ ಸಾಧ್ಯವಾಗಲಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ ಮುಟ್ಟದ ಬಾಯಿ ನನ್ನದು, ಅದರೊಳಗೆ ಹುಳದ ನೀರು. ಬಾಯಿ ತೊಳೆದೆ, ತುಳಸಿ ಜಗಿದೆ, ಪಂಚಗವ್ಯವನ್ನೂ ತೆಗೆದುಕೊಂಡೆ. ಎಳೆದ ಹುಳವನ್ನು ಬಚ್ಚಲಿಗೆ ಹಾಕುವಾಗ "ಕೃಷ್ಣಾರ್ಪಣಮಸ್ತು" ಎನ್ನುತ್ತಿದ್ದೆ. ಕೃಷ್ಣನಿಗೆ ಇದು ಬೇಕಿತ್ತೋ ಇಲ್ಲವೋ, ನಾನು ಕೇಳಲು ಹೋಗಲಿಲ್ಲ.

ಏಕಾದಶಿಯ ದಿನ ಮಾವನವರು ತಡೆದರು. "ಸುಮತಿ, ಇವತ್ತ ಬ್ಯಾಡ. ಇವತ್ತ ಅವಕ್ಕೂ ಜೀವದಾನ." ಅಂದು ಬಿಟ್ಟೆ. ದ್ವಾದಶಿಯ ದಿನ ನೋಡಿದರೆ ಅವೂ ಪಾರಣೆ ಮಾಡಿದ ಹಾಗೆ ದುಪ್ಪಟ್ಟಾಗಿದ್ದವು.

ನೂಲಹುಣ್ಣಿಮೆ ಬಂತು. ಜನಿವಾರ ಬದಲಿಸುವ ದಿನ. ನಮ್ಮವರು ಮಠಕ್ಕೆ ಹೋದರು. ಮಾವನವರಿಗೆ ಅಷ್ಟು ದೂರ ನಡೆಯಲಾಗದು, ಮನೆಯಲ್ಲೇ ಮುಗಿಸಿಕೊಂಡರು. ನಾನು ಅಡುಗೆಯಲ್ಲಿದ್ದೆ. ಮರುದಿನ ನಮ್ಮವರು ಪರೀಕ್ಷೆಯ ಕೆಲಸಕ್ಕೆಂದು ರಾಯಚೂರಿಗೆ ಹೊರಟರು. ಅವರು ಹೋದ ಮೇಲೆ ನಮ್ಮ ಸಮುದ್ರದಲ್ಲಿ ಏನೋ ನಡೆಯತೊಡಗಿತು. ಔಷಧ ಇನ್ನೂ ಬಂದಿರಲಿಲ್ಲ, ಆದರೂ ಹುಳಗಳು ಗಾಜಿನಿಂದ ಉದುರುತ್ತಿದ್ದವು. ನಾನು ಹಿಗ್ಗಿದೆ. ರಾಯರಿಗೆ ಹರಕೆ ಹೊತ್ತಿದ್ದೆ, ಮುಟ್ಟಿತು ಎಂದುಕೊಂಡೆ.

ಒಂದು ಬೆಳಿಗ್ಗೆ ಎದ್ದು ನೋಡಿದರೆ ಹುಳವೆಲ್ಲ ಸತ್ತು, ತಳದ ಮರಳಿನ ಮೇಲೆ ಕಾವಿ ಬಣ್ಣದ ಲೋಳೆಯಾಗಿ ಬಿದ್ದಿತ್ತು. ಸೀಗಡಿ ಅಂಗಾತ ಬಿದ್ದಿತ್ತು. ಶಂಖದ ಹುಳಗಳು ಕಲ್ಲು ಬಿಟ್ಟು ಉರುಳಿದ್ದವು. ಮುದ್ರೆ ಹಚ್ಚಿಕೊಂಡ ಎರಡೂ ಮೀನು ಮೇಲೆ ಬಂದು, ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. "ಪೆಹಲೇ ನಿಕಾಲೋ" ಎಂದ ಗಂಟಲು ನನ್ನ ಕಿವಿಯಲ್ಲಿ ಕೂಗಿತು. ಕುರ್ಚಿಯಲ್ಲಿ ಮಾವನವರು ತಾಟು ಹಿಡಿದು ಕೂತಿದ್ದರು. "ಯಾಕ ಹಿಂಗ ಮಾಡ್ಲಿಕತ್ತಾವ ಇವು?" ಎಂದರು. ಕೈಯಲ್ಲಿನ ತುತ್ತು ಕೈಯಲ್ಲೇ ಇತ್ತು.

ನಮ್ಮವರು ಕಲಸಿಟ್ಟ ಉಪ್ಪುನೀರು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತಯಾರಿತ್ತು, ಅಷ್ಟು ಪುಣ್ಯ. ಬಕೆಟ್ಟಿಗೆ ತುಂಬಿದೆ. ಮೀನು ಹಿಡಿಯುವ ಜಾಳಿಗೆ ಎಲ್ಲಿ ಇಟ್ಟಿದ್ದರೋ, ಸಿಗಲಿಲ್ಲ. ಮಡಿಸೀರೆ ಉಟ್ಟವಳು ಮೊಳಕೈ ತನಕ ತೊಟ್ಟಿಯೊಳಗೆ ಕೈ ಇಳಿಸಿ ಎರಡನ್ನೂ ಬೊಗಸೆಯಲ್ಲಿ ಹಿಡಿದು ಬಕೆಟ್ಟಿಗೆ ಬಿಟ್ಟೆ. ಅದೇ ಹೊತ್ತಿಗೆ ಕರೆಂಟು ಹೋಯಿತು. ಗಾಳಿಯ ಪಂಪಿಲ್ಲ. ಜಗ್ಗಿನಿಂದ ಎತ್ತಿ ಎತ್ತಿ ಸುರಿಯುತ್ತ ಕೂತೆ. ಉದ್ದಿನಬೇಳೆ ಕೇಳಲು ಬಂದ ಆಪಾ, ಬೇಳೆ ಮರೆತು, ಸೆರಗು ಸೊಂಟಕ್ಕೆ ಸಿಗಿಸಿ ಕೂತರು. "ಇಕಡೆ ಕೊಡ್ರಿ ಬಾಯಿ, ಜಗ್ಗು ನಾ ಹಿಡೀತೀನಿ. ನೀವು ಆ ಗಲೀಜು ತಗೀರಿ."

ನಾನು ಲೋಳೆ ಎಳೆಯಲು ನಳಿಕೆ ಇಳಿಸಿದೆ. ಕಲ್ಲಿನ ಸಂದಿಯಲ್ಲಿ ನಳಿಕೆಗೆ ಏನೋ ಟಕ್ ಎಂದು ತಗುಲಿತು. ಕೈ ಹಾಕಿ ತೆಗೆದರೆ, ಅರಿಶಿನದ ಬಟ್ಟೆಯ ಗಂಟು. ಅರ್ಧ ಬಿಚ್ಚಿಕೊಂಡಿತ್ತು. ಒಳಗೆ ನಿಜಾಮನ ಕಾಲದ ತಾಮ್ರದ ದುಡ್ಡುಗಳು, ಹಸಿರು ಕಿಲುಬು ಹಿಡಿದು.

"ಅದನ್ನ ತಗೀಬ್ಯಾಡ ಸುಮತಿ," ಎಂದರು ಮಾವನವರು ಹಿಂದಿನಿಂದ. "ಅದು ಕೊಟ್ಟಾಗೇದ."

"ಯಾರಿಗ್ರೀ ಮಾಮಾ?"

"ಸಮುದ್ರಕ್ಕ. ನಿಮ್ಮತ್ತಿ ಕಟ್ಟಿಟ್ಟ ಮುಡುಪು. ರಾಮೇಶ್ವರಕ್ಕ ಹೋದಾಗ ಸಮುದ್ರಕ್ಕ ಹಾಕಬೇಕಂತ ದೇವರ ಮನ್ಯಾಗ ಇಟ್ಟಿದ್ಲು. ಆಕಿ ಹೋಗಿಬಿಟ್ಲು. ನನ್ನ ಕಾಲಿಗೆ ಇನ್ನ ರಾಮೇಶ್ವರ ಎಲ್ಲೀದು? ನಿನ್ನ ಗಂಡ ಶ್ರೀಪಾದ ಸಮುದ್ರಾನಽ ಮನಿಗೆ ತಂದಾನ. ನೂಲಹುಣ್ಣಿವೀನ ನಾರಳಿ ಹುಣ್ಣಿವಿ, ಅವತ್ತ ಸಮುದ್ರಕ್ಕ ಕೊಡೋ ಪದ್ಧತಿ ಅದ. ಸಂಕಲ್ಪ ಮಾಡೇ ಬಿಟ್ಟೀನಿ."

ತಾಮ್ರ ತರಬೇಡವೆಂದು ನಮ್ಮವರು ನನಗೆ ಹೇಳಿದ್ದರು, ಕೆಲಸದವಳಿಗೆ ಹೇಳಿದ್ದರು, ಆಪಾನ ಮಕ್ಕಳಿಗೂ ಹೇಳಿದ್ದರು. ದಿನವಿಡೀ ಅದರ ಮುಂದೆ ಕೂತಿರುವ ಮುದುಕರಿಗೆ ಯಾರೂ ಹೇಳಿರಲಿಲ್ಲ. ನಾನು ಗಂಟನ್ನು ಕೈಯಲ್ಲಿ ಹಿಡಿದು ನಿಂತೆ. "ಮುಟ್ಟೇದ ಬಿಡ್ರಿ ಮಾಮಾ. ಹುಳ ಎಲ್ಲಾ ಸತ್ತಾವ ನೋಡ್ರಿ," ಎಂದೆ.

ಕೋರ್ಟಿನಲ್ಲಿ ಜನ್ಮ ಸವೆಸಿದವರು ಅವರು, ಅರ್ಧ ಸಾಕ್ಷಿಗೆ ಮರುಳಾಗುವ ಪೈಕಿ ಅಲ್ಲ. ಅಂಗಾತ ಬಿದ್ದ ಸೀಗಡಿಯನ್ನು ನೋಡಿದರು. ಬಕೆಟ್ಟನ್ನು ನೋಡಿದರು. ನನ್ನ ಕೈಯಲ್ಲಿನ ಹಸಿರು ದುಡ್ಡನ್ನು ನೋಡಿದರು. "ನಾನಽ ಕೊಂದ್ನೇನು?" ಎಂದರು. ತಾಟನ್ನು ನೆಲಕ್ಕಿಟ್ಟು ಎದ್ದು, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತರು.

ಅಂದು ಉಣ್ಣಲಿಲ್ಲ. ಮರುದಿನ ತೀರ್ಥ ಬಿಟ್ಟು ಏನೂ ಇಲ್ಲ. ಮೀನು ಬಕೆಟ್ಟಿನಲ್ಲಿ ಚೇತರಿಸಿಕೊಂಡು ಓಡಾಡುತ್ತಿದ್ದವು. "ಮಾಮಾ, ಬದುಕ್ಯಾವ್ರಿ, ನೋಡ್ರಿ," ಎಂದು ಬಕೆಟ್ಟನ್ನು ಅವರ ಕಾಲ ಹತ್ತಿರ ಎಳೆದೊಯ್ದೆ. ಕಣ್ಣು ಮುಚ್ಚಿಕೊಂಡರು.

ಆ ಮಧ್ಯಾಹ್ನ ನಮ್ಮವರು ಬಂದರು. ಚಪ್ಪಲಿಯನ್ನೂ ಬಿಡದೆ ತೊಟ್ಟಿಯ ಮುಂದೆ ನಿಂತರು. ಬಿಳಿಚಿದ ಹವಳ, ಖಾಲಿ ನೀರು. ನಾನು ನಡೆದದ್ದು ಹೇಳಿದೆ. ಪೂರ್ತಿ ಹೇಳುವ ಮೊದಲೇ, ಅಣ್ಣಾ ಎಂದು ಕರೆಯುವ ತಂದೆಯ ಮೇಲೆ ಅವರ ದನಿ ಏರಿತು. "ಏನಣ್ಣಾ ಇದು? ಒಂದ್ ಮಾತು ಕೇಳಬಾರದೇನು? ಎಷ್ಟು ವರ್ಷದ ಆಸೆ ನಂದು. ಎರಡು ತಾಮ್ರದ ದುಡ್ಡಿಗೆ ಎಲ್ಲಾ ಮಣ್ಣಪಾಲ ಮಾಡಿದಿ."

ಗೋಡೆಗೆ ಮುಖ ಮಾಡಿದ ಮಾವನವರು ತಿರುಗಲಿಲ್ಲ. ಬೆನ್ನು ಮಾತ್ರ ಇನ್ನಷ್ಟು ಬಾಗಿತು.

ಆಷಾಢದಿಂದ ನಾನು ಕೂಡಿಟ್ಟ ಸಿಟ್ಟು ಇತ್ತಲ್ಲ, ಅದಕ್ಕೆ ಆಗ ಬಾಗಿಲು ಸಿಕ್ಕಿತು. "ಚಪ್ಪಲಿ ಬಿಟ್ಟು ಬರ್ರಿ ಮೊದಲ," ಎಂದೆ. ಬಿಟ್ಟು ಬಂದರು. "ಈಗ ಹೇಳ್ರಿ. ಎಷ್ಟು ಸಲ ಸಮುದ್ರಕ್ಕ ಹೋಗೀರಿ ನೀವು?"

"ಅದಕ್ಕೂ ಇದಕ್ಕೂ ಏನ್ ಸಂಬಂಧ?"

"ಏಡಿ ತಂದ್ರಿ. ನಕ್ಷತ್ರ ಮೀನ ತಂದ್ರಿ. ಊರ ಹುಡುಗರನ್ನೆಲ್ಲ ಕರಕೊಂಡ ಹೋಗಿ ಸಮುದ್ರ ತೋರಿಸಿದ್ರಿ. ಅತ್ತಿ ಗಂಟು ಕಟ್ಟಿ ದೇವರ ಮುಂದ ಇಟ್ಟಿದ್ದು ನಿಮಗ ಕಾಣಸಿರಲಿಲ್ಲೇನು? ದಿನಾ ಅಲ್ಲೇ ಕೂತು ಪೂಜಿ ಮಾಡ್ತಿದ್ರಿ."

"ಬಸ್ಸಿನಾಗ ಹುಡುಗರ ಗದ್ದಲ ಇರ್ತದ. ಅವರಿಬ್ಬರಿಗೆ ತ್ರಾಸ ಆಗ್ತದಂತ..."

"ತ್ರಾಸ ಅವರಿಗಲ್ಲ, ನಿಮಗ ಆಗ್ತಿತ್ತು. ಅದಕ್ಕ ಒಯ್ಯಲಿಲ್ಲ. ಹುಳಕ್ಕ ಮನ್ಯಾಗ ಜಾಗಾ ಕೊಟ್ರಿ, ಒಂದನ್ನ ಎರಡು ಮಾಡಿ ಸಾಕಿದ್ರಿ. ನಿಮ್ಮವ್ವನ ಗಂಟಿಗೆ ಒಂದು ಟಿಕೀಟ ತಗಸಲಿಲ್ಲ. ಪಾಪ ಅವರು, ನಿಮ್ಮ ಮಾತು ಖರೆ ಅಂತ ನಂಬ್ಯಾರ. ನೀವಽ ಮಂದಿಗೆಲ್ಲ ಸಮುದ್ರ ಅಂತ ತೋರಿಸಿದ್ರಿ. ಅವರು ಸಮುದ್ರ ಅಂತ ಕೊಟ್ರು."

ಅಷ್ಟೊಂದು ಮಾತು ನಾನು ಅವರಿಗೆ ಅದಕ್ಕೆ ಮೊದಲೂ ಆಡಿಲ್ಲ, ಆಮೇಲೂ ಆಡಿಲ್ಲ. ಮನಸ್ಸಿನಲ್ಲಿ ಆಡಿದ್ದು ಬೇರೆ. ನಮ್ಮವರು ಹೋಗಿ ಮುಖ ತೊಳೆದು ಬಂದು ತಂದೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತರು.

"ಅಣ್ಣಾ, ರಾಮೇಶ್ವರಕ್ಕ ಹೋಗೋಣು ನಡಿ."

ಗೋಡೆ ಮಾತಾಡಿದ ಹಾಗೆ ದನಿ ಬಂತು. "ಸಮುದ್ರ ಆ ದುಡ್ಡು ತಿರುಗಿ ಕೊಟ್ಟದ. ನಿಮ್ಮವ್ವಂದು ಒಲ್ಲೆ ಅಂದದ."

"ಇದು ಸಮುದ್ರ ಅಲ್ಲಣ್ಣಾ," ಎಂದರು ನಮ್ಮವರು. "ಇದು ತೊಟ್ಟಿ."

ಅವರಿಗೆ ಆ ಮಾತು ಎಷ್ಟು ಕಷ್ಟದ್ದೆಂದು ನನಗೆ ಗೊತ್ತು. ಗೊತ್ತಿದ್ದೂ ನನಗೆ ಮರುಕ ಬರಲಿಲ್ಲ.

ನಾನು ದುಡ್ಡುಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಹೊಸ ಬಟ್ಟೆಗೆ ಅರಿಶಿನ ಹಚ್ಚಿ ಕಟ್ಟಿಕೊಟ್ಟೆ. ದಾರಿಗೆ ಚಕ್ಕುಲಿ, ಅವಲಕ್ಕಿ ಕಟ್ಟಿದೆ. ಇಬ್ಬರೂ ಮದ್ರಾಸಿನ ಗಾಡಿ ಹತ್ತಿದರು. ಆಪಾ ಬಾಗಿಲಲ್ಲಿ ನಿಂತು, "ನೀವು ಯಾಕ ಹೋಗಲಿಲ್ಲ ಬಾಯಿ? ನೀವೂ ಸಮುಂದರ್ ನೋಡಿಲ್ಲಲ್ಲ?" ಎಂದು ಕೇಳಿದರು. "ಮೀನಿನ ನೀರು ಯಾರು ಬದಲಿ ಮಾಡಬೇಕ್ರೀ?" ಎಂದೆ. ಯಾರೂ ನನ್ನನ್ನು ಬಾ ಎಂದು ಕರೆದಿರಲಿಲ್ಲ ಎನ್ನುವುದನ್ನು ಹೇಳಲಿಲ್ಲ. ಅವರು ಹೋಗಿ ಬರುವ ತನಕ ಶುದ್ಧ ನೀರು ಹಿಡಿದೆ, ಉಪ್ಪು ಕಲಸಿದೆ, ಸತ್ತ ಹವಳವನ್ನು ಎತ್ತಿಹಾಕಿದೆ, ತೊಟ್ಟಿ ತಿಕ್ಕಿದೆ, ತಾಮ್ರದ ನಂಜು ಹೋಗಲೆಂದು ಮರಳನ್ನೂ ಚೆಲ್ಲಿದೆ. ದಿನಾ ಎರಡು ಮೀನನ್ನೂ ಬೈದೆ. ಅವು ಸಾಯಲಿಲ್ಲ. ದೇವರು ದೊಡ್ಡವನು.

ಬಿಸಿಲಿಗೆ ಕಪ್ಪಾಗಿ, ಧೋತರದ ಅಂಚಿನಲ್ಲಿ ಮರಳು ತುಂಬಿಕೊಂಡು ಅವರು ಬಂದರು. ನಮ್ಮವರು "ಎಲ್ಲಾ ಛಲೋ ಆತು" ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದರು. ಮಾವನವರು ಸೀದಾ ಬಕೆಟ್ಟಿನ ಹತ್ತಿರ ಹೋಗಿ, ಬಗ್ಗಿ ನೋಡಿ, ಕುರ್ಚಿಯನ್ನು ಗೋಡೆಯಿಂದ ಇತ್ತ ಎಳೆದುಕೊಂಡರು. "ಸುಮತಿ, ಹಸಿವಿ ಆಗೇದ," ಎಂದರು.

ನಾನು ಒಲೆಯ ಮೇಲೆ ಹಂಚು ಇಟ್ಟೆ. ಸಮುದ್ರ ಹೇಗಿತ್ತೆಂದು ಯಾರಾದರೂ ಹೇಳಿಯಾರು ಎಂದು ಕಿವಿ ತೆರೆದುಕೊಂಡೇ ಭಕ್ರಿ ಬಡಿಯುತ್ತಿದ್ದೆ. ಯಾರೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪಡಸಾಲೆಯಿಂದ ಮರಾಠಿ ಕೇಳಿಸಿತು. ಮಾವನವರು ಮೀನುಗಳಿಗೆ ವರದಿ ಒಪ್ಪಿಸುತ್ತಿದ್ದರು. ನಿಮ್ಮ ಊರು ನೋಡಿ ಬಂದೆ ಕಣ್ರೋ. ಭಾಳ ದೊಡ್ಡ ಊರು. ಆಚೆ ದಂಡೆಯೇ ಇಲ್ಲ. ನೀರು ತಾನಾಗಿ ಬಂದು ಕಾಲು ಮುಟ್ಟಿ ಹೋಗುತ್ತದೆ, ಮತ್ತೆ ಬರುತ್ತದೆ. ಗಂಟು ಬಿಟ್ಟೆ, ಎಳೆದುಕೊಂಡು ಹೋಯಿತು, ತಿರುಗಿ ತರಲಿಲ್ಲ. ಆಕೆ ಇದ್ದಿದ್ದರೆ ಸೀರೆ ತೋಯುತ್ತದೆ ಎಂದು ಹೆದರುತ್ತಿದ್ದಳು. ಆದರೆ ಅಷ್ಟು ನೀರಿನಲ್ಲಿ ಒಂದು ಮೀನೂ ಕಾಣಿಸಲಿಲ್ಲ ನೋಡ್ರೋ.

ನಾನು ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದೆ. ಹಂಚಿನ ಮೇಲಿನ ಭಕ್ರಿ ಹೊತ್ತಿ ಕರಕಾಯಿತು. ಮಾವನವರಿಗೆ ಬಿಸಿಬಿಸಿ ಬೇರೆ ಮಾಡಿ ಬಡಿಸಿದೆ. ಎರಡು ಉಂಡರು, ಮೂರನೆಯದಕ್ಕೆ ಕೈ ಚಾಚಿದರು.

ಕರಕಾದದ್ದನ್ನು ನಮ್ಮವರ ತಾಟಿಗೆ ಹಾಕಿದೆ. ನೋಡಿದರು, ಮುರಿದು ಉಂಡರು.